ಹಿರಿಯರ ಹಗಲು ಕೇಂದ್ರ ಮತ್ತು ಮಧ್ಯಾಹ್ನದ ಬುತ್ತಿ: ಬಸವನಗುಡಿಯಿಂದ ಗ್ರಾಮ ಪಂಚಾಯತಿಗೆ ಒಂದು ಪಾಠ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಪ್ರತಿ ವರ್ಷ ಅಕ್ಟೋಬರ್ 1ರಂದು ಹಿರಿಯ ನಾಗರಿಕರ ದಿನಾಚರಣೆ ನಡೆಯುತ್ತದೆ. ಊರಿನ ಹಿರಿಯರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಭಾವಚಿತ್ರ ತೆಗೆದು ಕಳುಹಿಸಿಕೊಡಲಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಹಿರಿಯರು ಮರುದಿನ ಮಧ್ಯಾಹ್ನ ಏನು ಉಂಡರು, ಯಾರೊಡನೆ ಮಾತನಾಡಿದರು ಎಂಬುದನ್ನು ವಿಚಾರಿಸುವ ಏರ್ಪಾಡು ಬಹುತೇಕ ಗ್ರಾಮಗಳಲ್ಲಿ ಇನ್ನೂ ರೂಪುಗೊಂಡಿಲ್ಲ. ಮಕ್ಕಳು ಕೆಲಸಕ್ಕಾಗಿ ಪಟ್ಟಣ ಸೇರಿದ ಮನೆಯಲ್ಲಿ ಒಬ್ಬಂಟಿಯಾಗಿ ಉಳಿದ ಅಜ್ಜಿಯೊಬ್ಬರು ಬೆಳಿಗ್ಗೆ ಮಾಡಿದ ಅನ್ನಕ್ಕೆ ರಾತ್ರಿ ನೀರು ಬೆರೆಸಿ ಉಣ್ಣುವುದು ಯಾವ ದಾಖಲೆಯಲ್ಲಿಯೂ ಬರುವುದಿಲ್ಲ. ಪಿಂಚಣಿ ಜಮೆಯಾಗಿದೆ ಎಂಬುದಷ್ಟೇ ದಾಖಲೆಯಲ್ಲಿರುತ್ತದೆ.

2011ರ ಜನಗಣತಿಯಂತೆ ದೇಶದಲ್ಲಿ 60 ವರ್ಷ ಮೀರಿದವರು ಸುಮಾರು 10.4 ಕೋಟಿ. ಅವರಲ್ಲಿ 7.3 ಕೋಟಿಯಷ್ಟು ಮಂದಿ ಇದ್ದುದು ಹಳ್ಳಿಗಳಲ್ಲಿ. ಕರ್ನಾಟಕದ ಜನಸಂಖ್ಯೆಯಲ್ಲಿ ಹಿರಿಯರ ಪ್ರಮಾಣ ಶೇ. 9.5. ಆ ಗಣತಿಯ ಬಳಿಕ ಈ ಪ್ರಮಾಣ ಏರಿದೆಯೇ ಹೊರತು ಇಳಿದಿಲ್ಲ. ಹಿರಿಯರಲ್ಲಿ ಹೆಚ್ಚಿನವರು ಹಳ್ಳಿಯಲ್ಲಿದ್ದರೂ ಅವರಿಗಾಗಿ ಹಗಲು ಕೇಂದ್ರ, ಮನೆಗೆ ಊಟ, ಉಪನ್ಯಾಸ, ಸಂಗೀತ ಮೊದಲಾದವು ಬೆಳೆದುದು ಮುಖ್ಯವಾಗಿ ನಗರದಲ್ಲಿ. ಆದ್ದರಿಂದ ನಗರದ ಒಂದು ಹಳೆಯ ಬಡಾವಣೆಯನ್ನು ಹತ್ತಿರದಿಂದ ನೋಡಿ, ಅಲ್ಲಿ ಫಲಿಸಿದ್ದೇನು, ಕೊರತೆಯಾಗಿ ಉಳಿದುದೇನು ಎಂದು ತಿಳಿಯುವುದು ಪಂಚಾಯತಿ ಸದಸ್ಯರಿಗೆ ಉಪಯುಕ್ತ.

ಬಸವನಗುಡಿಯ ಉದಾಹರಣೆ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದು ಹಳೆಯ ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಧಾರಾಳವಾಗಿ ಬರುವಂತಹ ಹೊಸ ಬಡಾವಣೆಗಳ ಅಗತ್ಯ ಎಲ್ಲರಿಗೂ ಮನದಟ್ಟಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೆಳೆದದ್ದು ಆ ಕಾಲದಲ್ಲಿ. ಅಗಲವಾದ ಬೀದಿ, ಸಾಲುಮರ, ನಡುವೆ ಉದ್ಯಾನ ಇವೆಲ್ಲ ರೋಗ ತಡೆಯಲೆಂದು ಮಾಡಿದ ಏರ್ಪಾಡುಗಳು. ನೂರು ವರ್ಷಗಳ ತರುವಾಯ ಅವೇ ಏರ್ಪಾಡುಗಳು ಮುದುಕರಿಗೆ ವರವಾದವು. ಕೃಷ್ಣರಾವ್ ಉದ್ಯಾನದ ಕಲ್ಲುಬೆಂಚು, ಬ್ಯೂಗಲ್ ರಾಕ್‌ನ ಮರದ ನೆರಳು, ಸ್ವಲ್ಪ ದೂರದ ಲಾಲ್‌ಬಾಗ್ ಇವು ಬೆಳಗಿನ ಹೊತ್ತು ಹಿರಿಯರಿಂದ ತುಂಬಿರುತ್ತವೆ. ಕೂಡಲು ಸ್ಥಳವಿದ್ದರೆ ಜನ ಕೂಡುತ್ತಾರೆ ಎಂಬ ಸರಳ ಸಂಗತಿಯನ್ನು ಯೋಜನೆ ರೂಪಿಸುವವರು ಮರೆಯುವುದುಂಟು.

ಸ್ಥಳದ ಜೊತೆಗೆ ಈ ಬಡಾವಣೆಗೆ ಸಂಸ್ಥೆಗಳೂ ದೊರೆತವು. 1945ರ ಒಂದೇ ವರ್ಷದಲ್ಲಿ ಎರಡು ಸಂಸ್ಥೆಗಳು ಇಲ್ಲಿ ಹುಟ್ಟಿಕೊಂಡವು. ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು, ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿಗಳು ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆಯನ್ನು ಆರಂಭಿಸಿದರು. ಎರಡೂ ಕಡೆ ಗ್ರಂಥಾಲಯವುಂಟು, ಉಪನ್ಯಾಸವುಂಟು. ಗೋಖಲೆ ಸಂಸ್ಥೆಯಲ್ಲಿ ಡಿ.ವಿ.ಜಿ.ಯವರು ಭಗವದ್ಗೀತೆಯನ್ನು ಕುರಿತು ನಡೆಸಿದ ಅಧ್ಯಯನ ಗೋಷ್ಠಿಗಳೇ ಮುಂದೆ ಗ್ರಂಥವಾಗಿ, ಆ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿ ವಾರವಾರವೂ ವಿಜ್ಞಾನದ ಉಪನ್ಯಾಸ ನಡೆಯುವಂತೆ ಮಾಡಿದರು. ಪಕ್ಕದ ಚಾಮರಾಜಪೇಟೆಯಲ್ಲಿ 1915ರ ಕನ್ನಡ ಸಾಹಿತ್ಯ ಪರಿಷತ್ತು ಇದೆ. 1939ರಿಂದ ರಾಮನವಮಿಯ ಸಂಗೀತೋತ್ಸವ ನಡೆಸಿಕೊಂಡು ಬಂದ ಶ್ರೀರಾಮಸೇವಾ ಮಂಡಳಿ ಇದೆ.

ಇವುಗಳಲ್ಲಿ ಯಾವುದೂ ‘ಹಿರಿಯರ ಕಲ್ಯಾಣ’ಕ್ಕೆಂದು ಸ್ಥಾಪಿತವಾದುದಲ್ಲ. ಆದರೂ ಸಂಜೆಯ ಉಪನ್ಯಾಸಕ್ಕೆ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂರುವವರು ಬಹುಮಟ್ಟಿಗೆ ನಿವೃತ್ತರೇ. ಇದಕ್ಕೆ ಕಾರಣ ಮೂರು. ಪ್ರವೇಶಕ್ಕೆ ಹಣ ಕೇಳುವುದಿಲ್ಲ. ವಾರ ಮತ್ತು ವೇಳೆ ನಿಗದಿಯಾಗಿರುತ್ತವೆ, ಆದ್ದರಿಂದ ಯಾರೂ ನೆನಪಿಸಬೇಕಾಗಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅಲ್ಲಿಗೆ ಬರುವವರನ್ನು ಯಾರೂ ‘ಫಲಾನುಭವಿ’ ಎಂದು ಕರೆಯುವುದಿಲ್ಲ. ಅವರು ಶ್ರೋತೃಗಳು, ಓದುಗರು, ಪ್ರಶ್ನೆ ಕೇಳುವವರು. ಮಾಸ್ತಿ ವೆಂಕಟೇಶ ಅಯ್ಯಂಗಾರರು ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಗೆಳೆಯರೊಡನೆ ಇಸ್ಪೀಟು ಆಡುತ್ತಿದ್ದುದನ್ನು ಹಳಬರು ಇಂದಿಗೂ ಹೇಳುತ್ತಾರೆ. 1983ರ ಜ್ಞಾನಪೀಠ ಪ್ರಶಸ್ತಿ ಸಂದಾಗ ಅವರು 90 ದಾಟಿದ್ದರು. ಇಸ್ಪೀಟಿನ ಮೇಜಿಗೂ ವೃದ್ಧಾಪ್ಯದ ಆರೋಗ್ಯಕ್ಕೂ ಸಂಬಂಧವಿದೆಯೆಂದರೆ ನಗುವವರಿರಬಹುದು. ನಿತ್ಯ ನಡೆದು ಹೋಗಬೇಕಾದ ಒಂದು ಜಾಗ, ತಾನು ಬಾರದಿದ್ದರೆ ‘ಯಾಕೆ ಬರಲಿಲ್ಲ’ ಎಂದು ವಿಚಾರಿಸುವ ನಾಲ್ಕು ಮಂದಿ ಇವೆರಡೂ ಯಾವ ಔಷಧಕ್ಕೂ ಕಡಿಮೆಯಲ್ಲ.

ನಗರದ ಕೊರತೆ

ಆದರೆ ಬಸವನಗುಡಿಯನ್ನು ಹೊಗಳಿ ಮುಗಿಸುವುದು ಸರಿಯಲ್ಲ. ಉಪನ್ಯಾಸಕ್ಕೆ ಬರುವವರು ನಡೆಯಬಲ್ಲವರು, ಓದು ಬರಹ ಬಲ್ಲವರು, ಮನೆಯಲ್ಲಿ ಅಡುಗೆಯ ಚಿಂತೆ ಇಲ್ಲದವರು. ಮೊಣಕಾಲು ನೋವಿನಿಂದ ಮೆಟ್ಟಿಲು ಇಳಿಯಲಾಗದವರು ಅಲ್ಲಿ ಕಾಣುವುದಿಲ್ಲ. ಜೀವಮಾನವೆಲ್ಲ ಅದೇ ಬಡಾವಣೆಯ ಮನೆಗಳಲ್ಲಿ ಪಾತ್ರೆ ಬೆಳಗಿ ಮುದುಕಿಯಾದ ಹೆಂಗಸೂ ಕಾಣುವುದಿಲ್ಲ. ಗಂಡಸರು ಉದ್ಯಾನದ ಬೆಂಚಿನಲ್ಲಿ ಕುಳಿತಿರುವ ಹೊತ್ತಿನಲ್ಲಿ ಅವರ ಪತ್ನಿಯರು ಅಡುಗೆಮನೆಯಲ್ಲಿಯೇ ಇರುತ್ತಾರೆ. ಹೆಂಗಸರಿಗೆ ನಿವೃತ್ತಿ ಎಂಬುದೇ ಇಲ್ಲ.

ಈ ಅಂತರವನ್ನು ತುಂಬಲು ನಗರದಲ್ಲಿ ಬೇರೆ ಬಗೆಯ ಪ್ರಯತ್ನಗಳು ನಡೆದವು. 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮಲ್ಲೇಶ್ವರದಲ್ಲಿ ಹಿರಿಯರಿಗಾಗಿ ಹಗಲು ಹೊತ್ತಿನ ಕೇಂದ್ರವನ್ನು ನಡೆಸಿತು. ವ್ಯಾಯಾಮ, ಆಟ, ಕಲಿಕೆ, ಆರೋಗ್ಯ ತಪಾಸಣೆಗಳನ್ನು ಒಂದೇ ಸೂರಿನಡಿ ತರುವುದು ಅದರ ಉದ್ದೇಶ. ಇದೇ ಸಂಸ್ಥೆ ಬೆಂಗಳೂರು ನಗರ ಪೊಲೀಸರೊಡನೆ ಸೇರಿ 2002ರಲ್ಲಿ 1090 ಸಂಖ್ಯೆಯ ಹಿರಿಯರ ಸಹಾಯವಾಣಿಯನ್ನು ಆರಂಭಿಸಿತು. ಮುಂದೆ ಇಡೀ ದೇಶಕ್ಕೆ 14567 ಎಂಬ ಸಹಾಯವಾಣಿ ಬಂದಿತು. ಈ ಸಂಖ್ಯೆಯನ್ನು ಪಂಚಾಯತಿ ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲು ಯಾವ ಅನುದಾನವೂ ಬೇಕಾಗಿಲ್ಲ.

ಊಟದ ವಿಷಯಕ್ಕೆ ಬಂದರೆ, 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್‌ಗಳು ತೆರೆದವು. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಬಡವರಿಗೆ ಇದು ದೊಡ್ಡ ಆಸರೆ. ಆದರೆ ಕ್ಯಾಂಟೀನಿಗೆ ನಡೆದು ಹೋಗಬೇಕು, ಸರದಿಯಲ್ಲಿ ನಿಲ್ಲಬೇಕು, ತಟ್ಟೆ ಹಿಡಿದು ಉಣ್ಣಬೇಕು. ನಿಲ್ಲಲಾಗದವನಿಗೆ ಅಗ್ಗದ ಊಟವೂ ದೂರವೇ.

ನಡೆದು ಬರುವವರು, ನಡೆಯಲಾಗದವರು

ಈ ಪಾಠವನ್ನು ಕರ್ನಾಟಕದ ಗ್ರಾಮಗಳು ಇನ್ನೊಂದು ಯೋಜನೆಯಲ್ಲಿ ಆಗಲೇ ಕಂಡಿವೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿಯರು ಮತ್ತು ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕಿತ್ತು. ಉದ್ದೇಶ ಉತ್ತಮವಾದುದೇ, ಮನೆಗೆ ಕೊಟ್ಟರೆ ಆಹಾರ ಮನೆಮಂದಿಗೆಲ್ಲ ಹಂಚಿಹೋಗುತ್ತದೆ ಎಂಬ ಆತಂಕವೂ ನ್ಯಾಯವಾದುದೇ. ಆದರೆ ಮಲೆನಾಡಿನಂತಹ ಕಡೆ, ಮನೆಗೂ ಅಂಗನವಾಡಿಗೂ ನಡುವೆ ಹಳ್ಳ, ಗುಡ್ಡ, ಮಳೆ ಇರುವಲ್ಲಿ ತುಂಬು ಗರ್ಭಿಣಿ ದಿನವೂ ನಡೆದು ಬರುವುದು ಕಷ್ಟವಾಯಿತು. ಗರ್ಭಿಣಿಗೆ ಕಷ್ಟವಾದುದು 80 ವರ್ಷದವರಿಗೆ ಸುಲಭವಾಗಲಾರದು. ಆದುದರಿಂದ ಹಿರಿಯರ ಊಟದ ಯೋಜನೆ ಎರಡು ಕವಲಾಗಿಯೇ ಆರಂಭವಾಗಬೇಕು: ನಡೆದು ಬರುವವರಿಗೆ ಕೇಂದ್ರದಲ್ಲಿ ಪಂಕ್ತಿ, ಬರಲಾಗದವರಿಗೆ ಮನೆಗೆ ಬುತ್ತಿ. ಬರಬಲ್ಲವರಿಗೂ ಮನೆಗೇ ಬುತ್ತಿ ಕಳುಹಿಸಿದರೆ ಅದು ಉಪಕಾರವಾಗುವುದಿಲ್ಲ. ಅವರು ಹೊಸ್ತಿಲು ದಾಟಲು ಇದ್ದ ಒಂದು ಕಾರಣವನ್ನೂ ಕಿತ್ತುಕೊಂಡಂತಾಗುತ್ತದೆ.

ನೆರೆಯ ತಮಿಳುನಾಡಿನಲ್ಲಿ 1982ರಲ್ಲಿ ಮಕ್ಕಳಿಗಾಗಿ ವಿಸ್ತರಿಸಿದ ಮಧ್ಯಾಹ್ನದ ಊಟದ ಯೋಜನೆಯಲ್ಲಿ ಮರುವರ್ಷವೇ ವೃದ್ಧಾಪ್ಯ ಪಿಂಚಣಿದಾರರನ್ನೂ ಸೇರಿಸಿಕೊಳ್ಳಲಾಯಿತು. ಮಕ್ಕಳಿಗೆ ಬೇಯುವ ಅದೇ ಹಂಡೆಯಲ್ಲಿ ಮುದುಕರಿಗೂ ಬೇಯಲಿ ಎಂಬ ಆಲೋಚನೆ ಅದು. ಮನೆಗೆ ಊಟ ಒಯ್ಯುವ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ವಯಂಸೇವಕಿಯರು ಆರಂಭಿಸಿದರು. 1954ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾ ನಗರ ಅದನ್ನು ಅನುಸರಿಸಿತು. ಕರ್ನಾಟಕ ಸರ್ಕಾರವೂ 2024-25ರ ಆಯವ್ಯಯದಲ್ಲಿ 80 ದಾಟಿದ ಹಿರಿಯರ ಮನೆಬಾಗಿಲಿಗೆ ಪಡಿತರ ತಲುಪಿಸುವ ‘ಅನ್ನ ಸುವಿಧಾ’ವನ್ನು ಪ್ರಕಟಿಸಿತು. ಬಾಗಿಲಿಗೆ ಅಕ್ಕಿ ಬಂದರೆ ಅರ್ಧ ಕೆಲಸವಾದಂತೆ. ಒಲೆ ಹೊತ್ತಿಸುವವರು ಯಾರು ಎಂಬುದು ಉಳಿದ ಅರ್ಧ.

ವಾರಾನ್ನವನ್ನು ತಿರುಗಿಸಿ ನೋಡುವುದು

ಹೊರನಾಡಿನ ಉದಾಹರಣೆಗಳಿಗಿಂತ ಹತ್ತಿರದ ಒಂದು ಪದ್ಧತಿ ಕನ್ನಡ ನಾಡಿನಲ್ಲಿಯೇ ಇತ್ತು. ಹಳ್ಳಿಗಳಿಂದ ಬೆಂಗಳೂರು, ಮೈಸೂರುಗಳಿಗೆ ಓದಲು ಬಂದ ಬಡ ವಿದ್ಯಾರ್ಥಿಗಳು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಸರದಿಯಂತೆ ಉಂಡು ವಿದ್ಯೆ ಕಲಿತರು. ಅದಕ್ಕೆ ವಾರಾನ್ನ ಎಂದು ಹೆಸರು. ಒಂದು ಮನೆಗೆ ವಾರಕ್ಕೆ ಒಂದು ಎಲೆ ಹೆಚ್ಚಾಗುತ್ತಿತ್ತು, ಅಷ್ಟೆ. ಹುಡುಗನಿಗೆ ಇಡೀ ವಾರ ನಡೆಯುತ್ತಿತ್ತು. ಆ ಪದ್ಧತಿಗೆ ಜಾತಿಯ ಗೋಡೆ ಇತ್ತೆಂಬುದನ್ನೂ, ಕೆಲವು ಮನೆಗಳಲ್ಲಿ ಹುಡುಗರು ತಿರಸ್ಕಾರ ಉಂಡರೆಂಬುದನ್ನೂ ಮರೆಮಾಚಬೇಕಾಗಿಲ್ಲ. ಆ ದೋಷಗಳನ್ನು ಕಳೆದು ಲೆಕ್ಕವನ್ನು ಮಾತ್ರ ಉಳಿಸಿಕೊಂಡರೆ ಇಂದಿನ ಗ್ರಾಮಕ್ಕೆ ಅದು ಹೊಂದುತ್ತದೆ. ಅಂದು ಉಣ್ಣುವವನು ಮನೆಯಿಂದ ಮನೆಗೆ ಹೋಗುತ್ತಿದ್ದ. ಇಂದು ಬುತ್ತಿ ಹೋಗಲಿ. ಗೋಡೆಯನ್ನು ಕಳೆಯುವ ಉಪಾಯವೂ ಕಷ್ಟವಲ್ಲ: ಮನೆಗಳ ಕೊಡುಗೆ ಅಕ್ಕಿ, ಬೇಳೆ, ತರಕಾರಿ ಅಥವಾ ಹಣದ ರೂಪದಲ್ಲಿ ಒಂದೇ ಅಡುಗೆಮನೆಗೆ ಬರಬೇಕು. ಅಡುಗೆಯನ್ನು ಸಂಜೀವಿನಿ ಒಕ್ಕೂಟದ ಸ್ವಸಹಾಯ ಗುಂಪಿನ ಮಹಿಳೆಯರು ಕೂಲಿ ಪಡೆದು ಮಾಡಬೇಕು. ಕೂಲಿ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಸೇವೆಯ ಹೆಸರಿನಲ್ಲಿ ಹೆಂಗಸರಿಂದ ಪುಕ್ಕಟೆ ಅಡುಗೆ ಮಾಡಿಸುವ ಯೋಜನೆ ಮೂರನೆಯ ತಿಂಗಳು ದಾಟುವುದಿಲ್ಲ, ದಾಟಲೂಬಾರದು.

ಲೆಕ್ಕದ ಮಾದರಿಗೆ 20 ಹಿರಿಯರನ್ನು ಹಿಡಿಯಬಹುದು. ತಿಂಗಳಿಗೆ 26 ದಿನ, ಊಟವೊಂದಕ್ಕೆ ಕೂಲಿ, ಸೌದೆ ಅಥವಾ ಗ್ಯಾಸ್ ಸೇರಿ 40 ರೂಪಾಯಿ ಎಂದು ಇಟ್ಟುಕೊಂಡರೆ 520 ಊಟಕ್ಕೆ 20,800 ರೂಪಾಯಿ. ವರ್ಷಕ್ಕೆ 2,49,600 ರೂಪಾಯಿ. ಹಿರಿಯರೇ ಊಟಕ್ಕೆ 10 ರೂಪಾಯಿ ಕೊಟ್ಟರೆ ತಿಂಗಳ ಕೊರತೆ 15,600ಕ್ಕೆ ಇಳಿಯುತ್ತದೆ. ಆ 10 ರೂಪಾಯಿಯಿಂದ ಹಣಕ್ಕಿಂತ ದೊಡ್ಡ ಲಾಭ ಒಂದಿದೆ: ಕೊಟ್ಟು ಉಣ್ಣುವವರು ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಧೈರ್ಯವಾಗಿ ಹೇಳುತ್ತಾರೆ. ಕೊಡಲಾಗದವರ ಹೆಸರನ್ನು ಪ್ರಕಟಿಸತಕ್ಕದ್ದಲ್ಲ. ಉಳಿದ ಮೊತ್ತ ವಾರಾನ್ನದ ಮನೆಗಳು, ಊರಿನ ಹಾಲು ಸಂಘ, ದೇವಸ್ಥಾನ ಮಸೀದಿ ಚರ್ಚುಗಳ ಸಮಿತಿಗಳು, ಹೊರಗೆ ನೆಲೆಸಿದ ಊರಿನ ಮಕ್ಕಳು ಇವರಿಂದ ಬರಬೇಕು. ಪಂಚಾಯತಿಯ ಸ್ವಂತ ಸಂಪನ್ಮೂಲದಿಂದ ಎಷ್ಟು ಕೊಡಬಹುದೆಂಬುದನ್ನು ಪಿಡಿಒ ಅವರೊಡನೆ ನಿಯಮ ನೋಡಿ ತೀರ್ಮಾನಿಸಬೇಕು. ವಿಕಲಚೇತನರಿಗಾಗಿ ಕಾದಿರಿಸುವ ಶೇ. 5ರ ಮೊತ್ತವಿದೆ, ದೃಷ್ಟಿ, ಶ್ರವಣ, ಚಲನೆಯ ಶಕ್ತಿ ಕಳೆದುಕೊಂಡು ಗುರುತಿನ ಚೀಟಿಗೆ ಅರ್ಹರಾಗಿದ್ದರೂ ಅದನ್ನು ಪಡೆಯದೆ ಉಳಿದ ಹಿರಿಯರು ಪ್ರತಿ ಗ್ರಾಮದಲ್ಲಿಯೂ ಇರುತ್ತಾರೆ. ಅವರನ್ನು ಹುಡುಕಿ ನೋಂದಾಯಿಸುವ ಕೆಲಸವನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ವಹಿಸಬಹುದು.

ಬುತ್ತಿಯಲ್ಲಿ ಏನಿರಬೇಕು ಎಂಬುದರಲ್ಲಿಯೂ ವಿವೇಚನೆ ಬೇಕು. ಹಲ್ಲಿಲ್ಲದವರಿಗೆ ಚಪಾತಿಗಿಂತ ಮುದ್ದೆ ಲೇಸು, ಮುದ್ದೆಯನ್ನು ಅಗಿಯಬೇಕಾಗಿಲ್ಲ. ಬೆಂದ ಸೊಪ್ಪು, ಚೆನ್ನಾಗಿ ಕುದಿಸಿದ ಬೇಳೆ, ಒಂದು ಲೋಟ ಮಜ್ಜಿಗೆ ಇದ್ದರೆ ಊಟ ಪೂರ್ಣ. ವಯಸ್ಸಾದಂತೆ ಬಾಯಾರಿಕೆ ತಾನಾಗಿ ಕಡಿಮೆಯಾಗುವುದರಿಂದ ಹಿರಿಯರು ನೀರು ಕುಡಿಯಲು ಮರೆಯುತ್ತಾರೆ. ಬೇಸಿಗೆಯಲ್ಲಿ ಮಜ್ಜಿಗೆ ತಪ್ಪಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯಿಂದ ಪಡೆದು ಉಪ್ಪು, ಉಪ್ಪಿನಕಾಯಿ, ಸಿಹಿಗಳಲ್ಲಿ ಎಚ್ಚರ ವಹಿಸಬೇಕು. ಬೇಯಿಸಿದ ಎರಡು ಗಂಟೆಯೊಳಗೆ ಬುತ್ತಿ ಮನೆ ಸೇರಬೇಕು. ಉಳಿದುದನ್ನು ರಾತ್ರಿಗೆ ಎತ್ತಿಡುವ ಅಭ್ಯಾಸ ಹಿರಿಯರಲ್ಲಿ ಸಾಮಾನ್ಯ. ಅದನ್ನು ಬಿಡಿಸುವುದು ಬಹು ಕಷ್ಟ. ಸಂಜೆಗೆಂದು ಒಂದು ಬಾಳೆಹಣ್ಣನ್ನೋ ಹುರಿಹಿಟ್ಟನ್ನೋ ಬೇರೆಯಾಗಿ ಕೊಡುವುದು ಬುದ್ಧಿವಾದ ಹೇಳುವುದಕ್ಕಿಂತ ಹೆಚ್ಚು ಫಲಕಾರಿ.

ಕಟ್ಟಡಕ್ಕೆ ಮುನ್ನ ಬಾಗಿಲು

ಹಗಲು ಕೇಂದ್ರವೆಂದೊಡನೆ ಹೊಸ ಕಟ್ಟಡದ ಅಂದಾಜುಪಟ್ಟಿ ಸಿದ್ಧವಾಗುವುದು ಪಂಚಾಯತಿಗಳಲ್ಲಿ ರೂಢಿ. ಕಟ್ಟಡ ಉದ್ಘಾಟನೆಯಾಗಿ, ಬೀಗದ ಕೈ ಒಬ್ಬರ ಬಳಿ ಉಳಿದು, ಒಳಗೆ ಸಿಮೆಂಟು ಮೂಟೆ ಸೇರಿಕೊಳ್ಳುವುದನ್ನೂ ಎಲ್ಲರೂ ಕಂಡಿದ್ದಾರೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದು, ಇಂದು ಅರಿವು ಕೇಂದ್ರಗಳೆಂದು ಹೆಸರಾಗಿವೆ. ಮಕ್ಕಳು ಶಾಲೆಯಲ್ಲಿರುವ ಹೊತ್ತು, ಅಂದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ, ಅಲ್ಲಿ ಜನ ವಿರಳ. ಆ ಹೊತ್ತು ಹಿರಿಯರದಾಗಲಿ. ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿ ಮತ್ತು ಹಿಡಿಕಂಬಿ, ಬೆನ್ನಾನಿಕೆಯ ಕುರ್ಚಿ, ಕೂತು ಏಳಲು ಅನುಕೂಲವಾದ ಶೌಚಾಲಯ ಇವಿಷ್ಟೇ ಮೊದಲ ಖರ್ಚು. ಶೌಚಾಲಯ ಸರಿಯಿಲ್ಲದಿದ್ದರೆ ಹೆಂಗಸರು ಬರುವುದಿಲ್ಲ. ಕಾರಣವನ್ನು ಮಾತ್ರ ಯಾರ ಮುಂದೆಯೂ ಹೇಳುವುದಿಲ್ಲ.

ಕಾರ್ಯಕ್ರಮಕ್ಕೆ ಬಸವನಗುಡಿಯ ಸೂತ್ರವೇ ಸಾಕು: ನಿಗದಿತ ವಾರ, ನಿಗದಿತ ವೇಳೆ. ಸೋಮವಾರ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಏಕೆಂದರೆ ಓದು ಬಾರದವರಿಗೂ ಸುದ್ದಿ ಬೇಕು. ಬುಧವಾರ ಚೌಕಾಬಾರ, ಪಗಡೆ, ಆಡುಹುಲಿ. ಶುಕ್ರವಾರ ಭಜನೆ ಅಥವಾ ತತ್ವಪದ. ತಿಂಗಳಿಗೊಮ್ಮೆ ಆರೋಗ್ಯ ಉಪಕೇಂದ್ರದವರಿಂದ ರಕ್ತದೊತ್ತಡ ಪರೀಕ್ಷೆ. ಇವೆಲ್ಲಕ್ಕೂ ಮಿಗಿಲಾದುದು ಹಿರಿಯರೇ ಕಲಿಸುವ ದಿನ. ಬೀಸುಕಲ್ಲಿನ ಪದ, ಸೋಬಾನೆ ಪದ ಬಲ್ಲ ಅಜ್ಜಿಯರು, ಕೆರೆಯ ತೂಬು ಎಲ್ಲಿತ್ತು, ಹಳೆಯ ಬಾವಿಗಳು ಯಾವುವು, ಯಾವ ವರ್ಷ ಬರ ಬಂದಿತ್ತು ಎಂದು ಹೇಳಬಲ್ಲ ಅಜ್ಜಂದಿರು ಇನ್ನೂ ಇದ್ದಾರೆ. ಶಾಲಾ ಮಕ್ಕಳು ಶನಿವಾರ ಬಂದು ಅವನ್ನು ಬರೆದುಕೊಳ್ಳಲಿ. ಪಂಚಾಯತಿಯ ಜೀವವೈವಿಧ್ಯ ದಾಖಲಾತಿಗೂ ಕೆರೆ ಪುನಶ್ಚೇತನದ ಯೋಜನೆಗೂ ಈ ಮಾಹಿತಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಇಂತಹ ಕೂಟದಲ್ಲಿ ಬೇರೆಲ್ಲಿಯೂ ಬಾರದ ಮಾತುಗಳು ಹೊರಬರುವುದುಂಟು. ಜಮೀನನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟ ಬಳಿಕ ಊಟಕ್ಕೂ ಗತಿಯಿಲ್ಲದಾದ ಪ್ರಕರಣ ಅವುಗಳಲ್ಲಿ ಮುಖ್ಯ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ 23ನೆಯ ಪ್ರಕರಣದಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ವರ್ಗಾಯಿಸಿದ ಆಸ್ತಿಯನ್ನು ಷರತ್ತು ಮುರಿದಾಗ ರದ್ದುಪಡಿಸುವಂತೆ ನ್ಯಾಯಮಂಡಳಿಯನ್ನು ಕೋರಬಹುದು. ಉಪವಿಭಾಗಾಧಿಕಾರಿಗಳು ಈ ನ್ಯಾಯಮಂಡಳಿಯ ಅಧ್ಯಕ್ಷರು. ಪೋಷಣೆಗಾಗಿ ತಿಂಗಳಿಗೆ 10,000 ರೂಪಾಯಿವರೆಗೆ ಆದೇಶಿಸುವ ಅಧಿಕಾರವೂ ಅಧಿನಿಯಮದಲ್ಲಿದೆ. ಷರತ್ತು ಪತ್ರದಲ್ಲಿಯೇ ಬರೆದಿದ್ದರೆ ಹಿರಿಯರ ಕೈ ಬಲವಾಗುತ್ತದೆ. ಬಾಯಿಮಾತಿನ ನಂಬಿಕೆಯ ಮೇಲೆ ಸಹಿ ಹಾಕಿದವರ ದಾರಿ ಕಠಿಣ. ಆದ್ದರಿಂದ ಸಹಿಗೆ ಮುಂಚೆಯೇ ಈ ವಿಷಯ ತಿಳಿಸುವುದು ಸದಸ್ಯರ ಕರ್ತವ್ಯ. ಆದರೆ ಮಗ ಸೊಸೆಯರನ್ನು ಗ್ರಾಮಸಭೆಯಲ್ಲಿ ನಿಲ್ಲಿಸಿ ಅವಮಾನಿಸುವುದರಿಂದ ಮುದುಕರ ಪಾಡು ಇನ್ನಷ್ಟು ಕೆಡುತ್ತದೆ. ರಾತ್ರಿ ಅವರು ಮರಳಬೇಕಾದುದು ಅದೇ ಮನೆಗೆ.

ಆರಂಭದ ಕ್ರಮ

ಸಾಮಾಜಿಕ ನ್ಯಾಯ ಸಮಿತಿಯ ಒಂದು ಸಭೆಯಲ್ಲಿ ವಿಷಯವನ್ನು ಮಂಡಿಸಿ, ಪ್ರತಿ ಸದಸ್ಯರು ತಮ್ಮ ವಾರ್ಡಿನಲ್ಲಿ ಒಬ್ಬಂಟಿಯಾಗಿರುವ, ಅಥವಾ ಮುದುಕರಿಬ್ಬರೇ ಇರುವ ಮನೆಗಳ ಪಟ್ಟಿ ತರಬೇಕು. ಪಿಂಚಣಿ ಪಟ್ಟಿಯನ್ನೇ ನಕಲು ಮಾಡಿದರೆ ಸಾಲದು. ತುಂಬು ಮನೆಯಲ್ಲಿದ್ದೂ ಹಸಿದಿರುವವರು ಅದರಲ್ಲಿ ಕಾಣುವುದಿಲ್ಲ. ಅಂಥವರ ಸುಳಿವು ಹಾಲು ಹಾಕುವವರಿಗೆ, ನೀರುಗಂಟಿಗೆ, ಆಶಾ ಕಾರ್ಯಕರ್ತೆಗೆ ಇರುತ್ತದೆ. ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯ ‘ಸಾಮಾಜಿಕ ನ್ಯಾಯ ಮತ್ತು ಸಾಮಾಜಿಕ ಭದ್ರತೆಯ ಪಂಚಾಯತಿ’ ಎಂಬ ವಿಷಯದಡಿ ಇದನ್ನು ಸೇರಿಸಬಹುದು. ಮೊದಲ ಆರು ತಿಂಗಳು ಒಂದೇ ಗ್ರಾಮ, 20ಕ್ಕೆ ಮೀರದ ಹಿರಿಯರು. ನೂರು ಮಂದಿಗೆ ಆರಂಭಿಸಿ ಎರಡು ತಿಂಗಳಿಗೆ ನಿಲ್ಲಿಸುವುದಕ್ಕಿಂತ ಆರಂಭಿಸದಿರುವುದೇ ಮೇಲು. ನಿಂತುಹೋದ ಊಟಕ್ಕಾಗಿ ಬಾಗಿಲಲ್ಲಿ ಕಾದು ಕುಳಿತವರಿಗೆ ಹೇಳಲು ಯಾರ ಬಳಿಯೂ ಉತ್ತರವಿರುವುದಿಲ್ಲ.

ಬುತ್ತಿ ಒಯ್ಯುವವರ ಬಳಿ ಒಂದು ಸಣ್ಣ ಪುಸ್ತಕವಿರಲಿ. ಹೆಸರು, ದಿನಾಂಕ, ಬುತ್ತಿ ತಲುಪಿದ ವೇಳೆ, ನಿನ್ನೆಯ ಡಬ್ಬಿ ಮರಳಿದೆಯೇ ಎಂಬ ನಾಲ್ಕು ಅಂಕಣ ಸಾಕು. ಅವುಗಳಲ್ಲಿ ಕೊನೆಯದೇ ಹೆಚ್ಚು ಬೆಲೆಯುಳ್ಳದ್ದು. ಡಬ್ಬಿ ತೊಳೆಯದೆ ಬಂದರೆ ಕೈಗೆ ಶಕ್ತಿಯಿಲ್ಲ. ಅರ್ಧ ಉಂಡು ಬಂದರೆ ಬಾಯಿಯಲ್ಲೋ ಹೊಟ್ಟೆಯಲ್ಲೋ ತೊಂದರೆಯಿದೆ. ಮುಚ್ಚಳ ತೆರೆಯದೆ ಹೊಸ್ತಿಲಲ್ಲಿಯೇ ಇದ್ದರೆ ಒಯ್ದವರು ಹೊಸ ಡಬ್ಬಿ ಇಟ್ಟು ಹಿಂತಿರುಗತಕ್ಕದ್ದಲ್ಲ. ಕೂಗಿ ಕರೆಯಬೇಕು, ಬಾಗಿಲು ತಟ್ಟಬೇಕು, ನೆರೆಯವರನ್ನು ಕರೆತರಬೇಕು, ಆ ವಾರ್ಡಿನ ಸದಸ್ಯರಿಗೆ ಅಲ್ಲಿಂದಲೇ ದೂರವಾಣಿ ಮಾಡಬೇಕು. ಆ ದೂರವಾಣಿ ಸಂಖ್ಯೆಯನ್ನು ಪುಸ್ತಕದ ಒಳಹೊದಿಕೆಯ ಮೇಲೆ ಮೊದಲ ದಿನವೇ ಬರೆದಿಡುವುದು.